ಗುಂಡನಿಗೆ ಒಂದು ಗೆರೆ, ಯಜಮಾನರಿಗೆ ಇಪ್ಪತ್ತು

ನನ್ನ ಬಾಯಿ ಜೋರು ಅಂತ ರಾವಂದೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ, ನನಗೇನು. ನಮ್ಮ ಯಜಮಾನರಂಥವರ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೂ ಬಾಯಿ ಮೆತ್ತಗಿರುವ ಹೆಂಗಸು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ಅವಳ ಕಾಲಿಗೆ ಬೀಳುತ್ತೇನೆ.

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಬರೆಯಬಾರದು ಅಂತ ಯಾರೂ ಹೇಳಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ: ಕಂಠಪ್ಪ. ಎರಡು ಎಕರೆ ಹೊಗೆಸೊಪ್ಪು, ಒಂದಷ್ಟು ರಾಗಿ ಹೊಲ, ಗಟ್ಟಿ ಆಳು. ಕೊಬ್ಬಿದ ಹೋರಿಯನ್ನು ಕೆಡವಿ ಮೂಗುದಾರ ಪೋಣಿಸಬೇಕೆಂದರೆ ಸುತ್ತಲಿನ ಹಳ್ಳಿಯವರೆಲ್ಲ ಇವರನ್ನೇ ಕರೆಯುತ್ತಿದ್ದರು. ಅಂಥ ಗಂಡಸಿಗೆ ಸೂಜಿ ಕಂಡರೆ ಮಾತ್ರ ಬೆವರು ಕಿತ್ತುಕೊಂಡು ಬರುತ್ತಿತ್ತು.

ಬೈಲಕುಪ್ಪೆಗೆ ಟಿಬೇಟಿನವರು ಬಂದು ಆರೇಳು ವರ್ಷವಾಗಿದ್ದ ಕಾಲ ಅದು. ಆ ವರ್ಷ ಯುಗಾದಿಗೆ ಮುಂಚೆ ಯಜಮಾನರ ಎಡಗಾಲಿನ ಹೆಬ್ಬೆರಳಿಗೆ ಕಲ್ಲು ತಾಗಿ ಗಾಯವಾಯಿತು. ತಿಂಗಳು ಕಳೆದರೂ ಮಾಯಲಿಲ್ಲ. ಪಿರಿಯಾಪಟ್ಟಣದ ಡಾಕ್ಟರು ನೋಡಿ ಸಕ್ಕರೆ ಕಾಯಿಲೆ ಅಂದರು. ನಮ್ಮಪ್ಪನಿಗೂ ಅದೇ ಕಾಯಿಲೆ ಇತ್ತು. ಮುಳ್ಳು ಚುಚ್ಚಿದ ಜಾಗಕ್ಕೆ ಅರಿಸಿನ ಮೆತ್ತಿಕೊಂಡು ‘ಏನಾಯ್ತದೆ ಬುಡು’ ಅಂತ ಓಡಾಡಿದರು. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮಂಡಿಯವರೆಗೆ. ಮೂರು ತಿಂಗಳಿಗೆ ಅಪ್ಪನೇ ಇರಲಿಲ್ಲ. ಹಾಗಾಗಿ ಆ ವರ್ಷವೆಲ್ಲ ನಾನು ಬೆಳಿಗ್ಗೆ ಎದ್ದು ದೇವರ ಮುಖ ನೋಡುವುದಕ್ಕೆ ಮುಂಚೆ ಯಜಮಾನರ ಹೆಬ್ಬೆರಳು ನೋಡುತ್ತಿದ್ದೆ.

ಡಾಕ್ಟರು ಇನ್ಸುಲಿನ್ ಶೀಶೆ, ಗಾಜಿನ ಸಿರಿಂಜು, ಅದನ್ನು ಕುದಿಸಲು ಒಂದು ಸ್ಟೀಲು ಡಬ್ಬಿ ಕೊಟ್ಟರು. ದಿನಾ ಬೆಳಿಗ್ಗೆ ಸಿರಿಂಜಿನ ಇಪ್ಪತ್ತನೇ ಗೆರೆಯವರೆಗೆ ತುಂಬಿ ತೊಡೆಗೆ ಚುಚ್ಚಬೇಕು. ಔಷಧಿ ತಣ್ಣಗಿರಬೇಕು ಅಂದರು. ನಾನು ಮಡಕೆಗೆ ಒದ್ದೆ ಮರಳು ತುಂಬಿ, ಅದರೊಳಗೆ ಶೀಶೆ ಹೂತು, ಬಚ್ಚಲ ಮೂಲೆಯಲ್ಲಿಟ್ಟೆ.

ಯಜಮಾನರು ಮೊದಲ ದಿನವೇ ಧರ್ಮ ಎತ್ತಿದರು. “ಅದು ದನದ ಹೊಟ್ಟೇಲಿ ತೆಗಿಯೋ ಔಸ್ದಿ ಅಂತೆ ಕಣೆ ನೀಲಿ. ಲಿಂಗ ಕಟ್ಟಿದೋರು ನಾವು, ಮೈಯೊಳೀಕೆ ಬುಟ್ಕಳಾದಾ?”

ನನ್ನ ಹೆಸರು ನೀಲಾಂಬಿಕೆ. ಇಂಥ ಮಾತಿಗೆ ಬಗ್ಗುವವಳಲ್ಲ. ನೇರ ಮಠಕ್ಕೆ ಹೋಗಿ ಅಯ್ಯನವರನ್ನೇ ಕೇಳಿ ಬಂದೆ. ‘ಜೀವ ಇದ್ದರೆ ತಾನೇ ಪೂಜೆ ಮಾಡೋದು, ಚುಚ್ಚಿಸಿಕೊಳ್ಳಲಿ’ ಅಂದರು ಅವರು. ಆಗ ಯಜಮಾನರು ರಾಗ ಬದಲಾಯಿಸಿದರು. ತಾವೇ ಚುಚ್ಚಿಕೊಳ್ಳುತ್ತಾರಂತೆ, ಹಿತ್ತಿಲಲ್ಲಿ, ಯಾರೂ ನೋಡಬಾರದಂತೆ. ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಹಿತ್ತಿಲಿಗೆ ಹೋಗುವರು, ‘ಉಸ್ಸಪ್ಪಾ’ ಅಂತ ತೊಡೆ ಉಜ್ಜಿಕೊಂಡು ಬರುವರು. ನಾನು ನಂಬಿದೆ. ದಡ್ಡಿ.

ಇನ್ನು ಗುಂಡನ ವಿಚಾರ. ಗುಂಡ ನಮ್ಮ ಮನೆಯ ಬೆಕ್ಕು, ಗಂಡು. ಯಜಮಾನರು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಹಿಂದೆ ಬಿದ್ದಿದ್ದ ಮರಿಯನ್ನು ತಂದು ಸಾಕಿದ್ದು. ಅವರು ಏನು ತಿಂದರೆ ಅದಕ್ಕೂ ಅದೇ. ಅನ್ನ ಹಾಲು, ತುಪ್ಪ ಸುರಿದ ಒಬ್ಬಟ್ಟು, ಪಾಯಸ. ಇಲಿ ಅದರ ಮೂಗಿನ ಮುಂದೆಯೇ ಓಡಾಡಿದರೂ ಕಣ್ಣು ತೆರೆಯುತ್ತಿರಲಿಲ್ಲ. ಮಗಳು ಮದುವೆಯಾಗಿ ಕೃಷ್ಣರಾಜನಗರಕ್ಕೆ ಹೋದಾಗ ಕಣ್ಣೀರು ಹಾಕದ ಮನುಷ್ಯ, ಗುಂಡ ಎರಡು ದಿನ ಕಾಣದೆ ಇದ್ದಾಗ ಊಟ ಬಿಟ್ಟಿದ್ದರು.

ಆ ಬೇಸಿಗೆಯಲ್ಲಿ ಗುಂಡ ಇಳಿದುಹೋಯಿತು. ತಿನ್ನುವುದು ಮಾತ್ರ ಮೊದಲಿಗಿಂತ ಹೆಚ್ಚು. ಕೊಡ, ಬಿಂದಿಗೆ, ದನದ ಬಾನಿ ಯಾವುದನ್ನೂ ಬಿಡದೆ ನೀರು ಕುಡಿಯುವುದು, ಬಚ್ಚಲಲ್ಲಿದ್ದ ಬಿಳಿ ಪಿಂಗಾಣಿ ಬೇಸಿನ್ನಿನೊಳಗೆ ಕೂತು ಹೊಯ್ಯುವುದು. ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತಿತ್ತು. ಯಜಮಾನರು ಹೆಬ್ಬೆರಳು ಎತ್ತಿಕೊಂಡು ಮುಂದೆ ಮುಂದೆ, ಗುಂಡ ಹಿಮ್ಮಡಿ ಊರಿಕೊಂಡು ಹಿಂದೆ ಹಿಂದೆ. ಬೇಸಿನ್ನಿನ ಸುತ್ತ ಇರುವೆ ಸಾಲುಗಟ್ಟಿದ್ದನ್ನು ದಿನಾ ನೋಡುತ್ತಿದ್ದೆ. ನೋಡಿ ಮಾಡಿದ್ದೇನು? ಇರುವೆಗಳನ್ನು ಬೈದೆ.

ಡಾಕ್ಟರು ಎರಡು ತಿಂಗಳು ಬಿಟ್ಟು ಮೂತ್ರ ತೆಗೆದುಕೊಂಡು ಬನ್ನಿ ಅಂದಿದ್ದರು. ಆ ದಿನ ಬಂತು. ಯಜಮಾನರು ಹರಳೆಣ್ಣೆಯ ಹಳೇ ಶೀಶೆಯೊಂದನ್ನು ತೊಳೆದು, ತುಂಬಿ, ಬೆಂಡಿನ ಮುಚ್ಚಳ ಹಾಕಿ, ಅಂಗವಸ್ತ್ರದಲ್ಲಿ ಸುತ್ತಿಕೊಂಡರು. ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರ ಮುಖದಲ್ಲಿ ಒಂಥರಾ ಗೆಲುವು. ಔಷಧಿ ಹತ್ತಿದೆ, ಅದಕ್ಕೇ ಈ ಗೆಲುವು ಅಂದುಕೊಂಡು ಮನಸ್ಸಿನಲ್ಲೇ ಕೈ ಮುಗಿದೆ.

ಡಾಕ್ಟರು ಗಾಜಿನ ನಳಿಗೆಗೆ ನೀಲಿ ದ್ರಾವಣ ಸುರಿದು, ಶೀಶೆಯಿಂದ ಎಂಟು ಹನಿ ಬಿಟ್ಟು ದೀಪಕ್ಕೆ ಹಿಡಿದರು. ನೀಲಿ ಹಾಗೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಬಣ್ಣ ಬಂದರೆ ಅನಾಹುತ. ಮೊದಲೇ ನನಗೆ ಹೇಳಿಕೊಟ್ಟಿದ್ದರು. ಅವರು ಮೂಗು ಸುಕ್ಕಿಸಿ, “ಏನ್ರೀ ಇದು, ಇಷ್ಟು ನಾತ” ಅಂದರು. ದ್ರಾವಣ ಹಸಿರಾಯಿತು, ಹಳದಿಯಾಯಿತು, ನೋಡುನೋಡುತ್ತ ಇಟ್ಟಿಗೆಯಾಗಿ ತಳಕ್ಕೆ ಕೂತಿತು.

ಡಾಕ್ಟರ ಮುಖ ಗಂಭೀರವಾಯಿತು. “ಕಂಠಪ್ಪನವರೇ, ಇಪ್ಪತ್ತು ಸಾಲದು. ನಲವತ್ತು ಮಾಡಬೇಕು, ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ. ಇವತ್ತೇ ಮೈಸೂರಿಗೆ ಬರೆದುಕೊಡ್ತೀನಿ. ಆ ಬೆರಳು ಉಳಿಯುತ್ತೆ ಅಂತ ನಾನು ಹೇಳಲಾರೆ.”

ಬೆಂಚು ಹಿಡಿದುಕೊಂಡೆ. ಪಕ್ಕದಲ್ಲಿ ಯಜಮಾನರು ದಡಕ್ಕನೆ ಎದ್ದರು.

“ಸ್ವಾಮೀ, ಅದು ನಂದಲ್ಲ!”

“ನಿಮ್ಮದಲ್ಲದೆ ಮತ್ತೆ ಯಾರದ್ರೀ?”

“ಗುಂಡಂದು.”

“ಗುಂಡ ಯಾರು?”

“ನಮ್ಮನೆ ಬೆಕ್ಕು, ಬುದ್ಧಿ.”

ಡಾಕ್ಟರು ಕನ್ನಡಕ ತೆಗೆದರು, ಹಾಕಿಕೊಂಡರು. ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು. ಯಜಮಾನರು ಎರಡು ತಿಂಗಳಲ್ಲಿ ಒಂದು ದಿನವೂ ಚುಚ್ಚಿಕೊಂಡಿರಲಿಲ್ಲ. ಹಿತ್ತಿಲಿಗೆ ಹೋಗಿ ಇಪ್ಪತ್ತು ಗೆರೆ ಔಷಧಿಯನ್ನು ಕರಿಬೇವಿನ ಗಿಡದ ಬುಡಕ್ಕೆ ಪಿಚಕಾರಿ ಹೊಡೆದು ಬರುತ್ತಿದ್ದರು. ಸಾಲದ್ದಕ್ಕೆ ಮಗಳ ಊರಿನ ಆಲೆಮನೆಗೆ ಹೋಗಿ ಬಿಸಿ ಬೆಲ್ಲ ನೆಕ್ಕಿ ಬಂದಿದ್ದರು. ತಮ್ಮದನ್ನು ತಂದರೆ ಸಿಕ್ಕಿಬೀಳುತ್ತೇನೆ ಅಂತ ಬೇಸಿನ್ನಿನಲ್ಲಿದ್ದದ್ದನ್ನು ಬಗ್ಗಿಸಿಕೊಂಡು ತಂದಿದ್ದರು. ‘ಬೆಕ್ಕಿಗೆ ಎಲ್ಲಿಂದ ಬಂದಾತು ಸಕ್ಕರೆ ಕಾಯ್ಲೆ ಅಂದ್ಕಂಡೆ’ ಅಂತ ನೆಲ ನೋಡಿಕೊಂಡು ಹೇಳಿದರು.

ಡಾಕ್ಟರು ನಕ್ಕರು ನೋಡಿ, ಹೊರಗೆ ಕೂತಿದ್ದ ರೋಗಿಗಳೆಲ್ಲ ಬಾಗಿಲಿಗೆ ಬಂದು ಇಣುಕಿದರು. ನಾನು ನಗಲಿಲ್ಲ. ಆಮೇಲೆ ಯಜಮಾನರದನ್ನೇ ತೆಗೆಸಿ ಕಾಯಿಸಿದರು. ಅದೂ ಇಟ್ಟಿಗೆಯೇ. ಆಗ ಡಾಕ್ಟರ ನಗುವೂ ನಿಂತಿತು. ನನ್ನ ಕಡೆ ತಿರುಗಿ, “ಅಮ್ಮಾ, ಮೊದಲು ಹೇಳಿದ ಇಪ್ಪತ್ತೇ ಇರಲಿ, ಇನ್ನು ಮೇಲೆ ನೀವೇ ಚುಚ್ಚಿ. ಇವರ ಕೈಗೆ ಕೊಡಬೇಡಿ. ಬೆಕ್ಕನ್ನ ದನದ ಡಾಕ್ಟರಿಗೆ ತೋರಿಸಿ” ಅಂದರು. ಪರೀಕ್ಷೆ ಮಾಡುವ ನೀಲಿ ದ್ರಾವಣವನ್ನೂ ಒಂದು ಶೀಶೆ ಕೊಟ್ಟರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಏನೇನು ಬೈದೆ ಅಂತ ಇಲ್ಲಿ ಬರೆಯುವುದಿಲ್ಲ. ಕಂಡಕ್ಟರು ಮಾತ್ರ ಕೊನೆಗೆ, “ಸಾಕು ಬುಡಿ ತಾಯಿ, ಪಾಪ, ಆಗ್ಲೇ ಬೆವ್ತೋಗವ್ರೆ” ಅಂದ.

ನಮ್ಮೂರಿನ ದನದ ಡಾಕ್ಟರು ಇನ್ನೂ ಹುಡುಗು ವಯಸ್ಸಿನವರು. ಗುಂಡನನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿದ್ದು ಇದೇ ಮೊದಲು” ಅಂತ ಖುಷಿಪಟ್ಟರು. ಆಮೇಲೆ ತಲೆ ಆಡಿಸಿದರು. ಕಾಯಿಲೆ ಬಲಿತಿದೆ, ಹೀಗೇ ಬಿಟ್ಟರೆ ತಿಂಗಳೂ ಬದುಕುವುದಿಲ್ಲ. ಅವರ ಆಸ್ಪತ್ರೆಯಲ್ಲಿ ಇದಕ್ಕೆ ಔಷಧಿಯಿಲ್ಲ, ಆದರೆ ಯಜಮಾನರ ಔಷಧಿಯೇ ಆಗುತ್ತದೆ, ದಿನಾ ಒಂದು ಗೆರೆ. ಚುಚ್ಚಿದ ತಕ್ಷಣ ಊಟ ಹೊಟ್ಟೆಗೆ ಬೀಳಬೇಕು. “ಅನ್ನ, ಹಾಲು, ಸಿಹಿ ಎಲ್ಲ ಬಂದ್. ಇನ್ನು ಮೇಲೆ ಬರೀ ಮೀನು, ಮಾಂಸ.”

ನಮ್ಮ ಜಗಲಿಯ ಮೇಲೆ ಕೂತು ಆ ಮಾತು ಆಡಿದರು. ನಾನು ಸುತ್ತ ನೋಡಿದೆ, ಸದ್ಯ ಯಾರೂ ಇರಲಿಲ್ಲ.

ಯಜಮಾನರು ಗುಂಡನನ್ನು ಮಡಿಲಲ್ಲಿಟ್ಟುಕೊಂಡು, “ಉಳಿಸ್ಕೊಡೆ ನೀಲಿ, ನಿನ್ ದಮ್ಮಯ್ಯ” ಅಂದರು. ಆಗ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು.

“ಉಳಿಸ್ತೀನಿ. ಆದ್ರೆ ಶೀಶೆ ಒಂದೇ ಕಣ್ರೀ. ಮೊದ್ಲು ನಿಮ್ ತೊಡೆಗೆ ಇಪ್ಪತ್ತು, ಆಮೇಲೆ ಗುಂಡನ ಬೆನ್ಗೆ ಒಂದು. ನೀವು ತಪ್ಪಿಸ್ಕಂಡ್ ದಿನ ಅದ್ಕೂ ಇಲ್ಲ. ಯೋಚ್ನೆ ಮಾಡಿ.”

“ಇದು ಅನ್ಯಾಯ ಕಣೆ.”

“ಕರಿಬೇವಿನ ಗಿಡ ಕೇಳಿ, ನ್ಯಾಯ ಹೇಳ್ತದೆ.”

ಮರುದಿನದಿಂದ ಶುರು. ಎರಡು ಸಿರಿಂಜು, ಎರಡು ಡಬ್ಬಿ. ಗುಂಡನ ಸೂಜಿ ಚೆನ್ನಾಗಿ ಕುದಿಯಿತೋ ಇಲ್ಲವೋ ಅಂತ ಯಜಮಾನರು ನಾಲ್ಕು ಸಲ ಕೇಳುವರು, ತಮ್ಮದರ ಬಗ್ಗೆ ಮಾತಿಲ್ಲ. ಪಂಚೆ ಮೇಲೆತ್ತಿ, ಗೋಡೆಯ ಕಡೆ ಮುಖ ತಿರುಗಿಸಿ, ಸೂಜಿ ಇನ್ನೂ ಒಂದು ಗೇಣು ದೂರವಿರುವಾಗಲೇ ‘ಅಯ್ಯಯ್ಯೋ’ ಅನ್ನುವರು. ಆ ಕೂಗು ಮೊದಲ ದಿನ ಕೇಳಿದಾಗ ಬೇಲಿಯಾಚೆಯ ಸಾಕಮ್ಮ ಒನಕೆ ಹಿಡಿದು ಓಡಿಬಂದಿದ್ದಳು. ಆಮೇಲೆ ಗುಂಡನ ಸರದಿ. ಯಜಮಾನರು ಹಿಡಿದುಕೊಳ್ಳುವರು, ನಾನು ಬೆನ್ನಿನ ಸಡಿಲ ಚರ್ಮ ಎತ್ತಿ ಚುಚ್ಚುವೆ. ಅದು ಒಂದು ದಿನವೂ ಕಿಮಕ್ ಅನ್ನಲಿಲ್ಲ.

“ನೋಡಿ, ಅದ್ಕಿರೋ ಧೈರ್ಯ ನಿಮಗಿಲ್ವಲ್ರೀ.”

“ಅದ್ಕೆ ಒಂದು ಗೆರೆ ಕಣೆ. ನಂಗೆ ಇಪ್ಪತ್ತು.”

ಮೀನಿನ ಏರ್ಪಾಡು ಸಾಕಮ್ಮನದು. ಅವರ ಮನೆಯಲ್ಲಿ ಮೀನು ಮಾಮೂಲು. ಗುಂಡನನ್ನು ಬೇಲಿ ದಾಟಿಸಿದರೆ ಸಾಕು, ಅವಳು ಬೇಯಿಸಿಟ್ಟಿದ್ದನ್ನು ತಿಂದು ಬಾಯಿ ನೆಕ್ಕಿಕೊಂಡು ಬರುತ್ತಿತ್ತು. ವಾಸನೆ ಬರುತ್ತದೆ ಅಂತ ಅದರ ಬಾಯಿ ತೊಳೆಸಿ ಒಳಗೆ ಬಿಡುತ್ತಿದ್ದೆ. ನಗಬೇಡಿ, ಇಂಥ ಪಾಡು ನಿಮ್ಮ ಮನೆಗೆ ಬಂದಾಗ ಗೊತ್ತಾಗುತ್ತದೆ.

ಹೀಗೇ ನಡೆಯುತ್ತಿದ್ದಾಗ ಶ್ರಾವಣ ಬಂತು. ಮೊದಲ ದಿನ ಎಂದಿನಂತೆ ಇಬ್ಬರಿಗೂ ಚುಚ್ಚಿ ಗುಂಡನನ್ನು ಬೇಲಿ ದಾಟಿಸಿದೆ. ಅದು ಹಾಗೇ ವಾಪಸ್ಸು ಬಂತು. ಹಿಂದೆಯೇ ಸಾಕಮ್ಮ.

“ನೀಲಕ್ಕ, ಇವತ್ತಿಂದ ನಮ್ಮನೇಲಿ ಮೀನಿಲ್ಲ ಕಣಕ್ಕ. ಸ್ರಾವಣ ಮುಗಿಯೋಗಂಟ ಮುಟ್ಟಾಕಿಲ್ಲ. ಯೋಳದು ಮರ್ತೇವೋಯ್ತು.”

ನನಗೂ ಹೊಳೆದಿರಲಿಲ್ಲ. ಮೀನು ತಿನ್ನದವರಿಗೆ ಅದನ್ನು ಬಿಡುವ ತಿಂಗಳ ನೆನಪಾದರೂ ಎಲ್ಲಿಂದ ಬರಬೇಕು? ಏನು ಕೊಡುವುದು ಅಂತ ತಡಕಾಡುತ್ತಾ ಗಂಟೆ ಕಳೆಯುವಷ್ಟರಲ್ಲಿ ಗುಂಡ ನಡುಗುತ್ತಾ ಓಲಾಡುತ್ತಾ ಬಂದು ಜಗಲಿಯ ಪಕ್ಕ ಬಿದ್ದುಬಿಟ್ಟಿತು. ಕಣ್ಣು ಮೇಲೆ, ಕಾಲು ಸೆಟೆದುಕೊಂಡಿತ್ತು. ಸಕ್ಕರೆ ಪೂರ್ತಿ ಇಳಿದುಹೋದರೆ ಹೀಗಾಗುತ್ತದೆ, ತಕ್ಷಣ ಸಿಹಿ ನೆಕ್ಕಿಸಿ ಅಂತ ದನದ ಡಾಕ್ಟರು ಹೇಳಿದ್ದರು. ಆದರೆ ಮನೆಯಲ್ಲಿ ಸಿಹಿ ಎಲ್ಲಿದೆ? ಯಜಮಾನರ ಕಾಟಕ್ಕೆ ಬೆಲ್ಲ ಸಕ್ಕರೆಯೆಲ್ಲ ನಾನೇ ಆಚೆಗೆ ಸಾಗಿಸಿದ್ದೆ.

“ಸಾಕಮ್ಮಾ, ಬೆಲ್ಲ ತತ್ತಾರೇ!” ಅಂತ ಕಿರುಚಿದೆ.

ಯಜಮಾನರು ಕಾಯಲಿಲ್ಲ. ನೆಗೆದು ಸೂರಿನ ಹೆಂಚಿನ ಸಂದಿಗೆ ಕೈ ಹಾಕಿದರು. ಕಾಗದದ ಪೊಟ್ಟಣ ಹೊರಗೆ ಬಂತು, ಒಳಗೆ ನಿಂಬೆಹಣ್ಣಿನ ಗಾತ್ರದ ಬೆಲ್ಲ. ಒಂದು ಕಡೆ ಹಲ್ಲಿನ ಗುರುತು ಕೂಡ ಇತ್ತು. ನೀರಲ್ಲಿ ಕಿವುಚಿ ಗುಂಡನ ಒಸಡಿಗೆ ತಿಕ್ಕಿದರು, ಮತ್ತೆ ತಿಕ್ಕಿದರು. “ಏಳ್ಲಾ ಗುಂಡ, ಏಳ್ಲಾ ಮಗ, ನಿನ್ ಬುಟ್ರೆ ನಂಗ್ಯಾರ್ಲಾ ಜೊತೆ ಚುಚ್ಚುಸ್ಕಳರು” ಅಂತ ಅಳುತ್ತಿದ್ದರು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿಗೆ ಗುಂಡನ ನಾಲಿಗೆ ಆಡಿತು. ಆಮೇಲೆ ತಲೆ ಎತ್ತಿತು.

ನಾನು ಯಜಮಾನರ ಮುಖ ನೋಡಿದೆ, ಅವರು ಪೊಟ್ಟಣ ನೋಡಿದರು. ಬೈಯಬೇಕಿತ್ತು. ಆ ಪೊಟ್ಟಣವನ್ನು ನಾನೇ ಮತ್ತೆ ಸೂರಿಗೆ ಸಿಕ್ಕಿಸಿದೆ, “ಗುಂಡಂಗೆ” ಅಂತ ಮಾತ್ರ ಅಂದೆ.

ಮಾರನೇ ದಿನದಿಂದ ಮೀನು ತಂದುಕೊಟ್ಟವಳು ಕುಳ್ಳಿ. ಹೊಗೆಸೊಪ್ಪು ಮುರಿಯುವುದಕ್ಕೆ ಕಾಡಂಚಿನ ಗಿರಿಜನರ ಹಾಡಿಯಿಂದ ನಮ್ಮ ಹೊಲಕ್ಕೆ ಬರುತ್ತಿದ್ದವಳು. ಹಳ್ಳದ ಸಣ್ಣ ಮೀನನ್ನು ಎಲೆಯಲ್ಲಿ ಸುತ್ತಿ ತರುವಳು, ಆದರೆ ಬೇಯಿಸಿಕೊಂಡು ಕೂರಲು ಅವಳಿಗೆ ಪುರುಸೊತ್ತಿಲ್ಲ. ಕೊನೆಗೆ ನಾನೇ, ಜಂಗಮರಿಗೆ ಪಾದಪೂಜೆ ಮಾಡಿದ ಮನೆಯ ಸೊಸೆ, ಕೊಟ್ಟಿಗೆಯ ಹಿಂದೆ ಮೂರು ಕಲ್ಲಿಟ್ಟು, ಮೂಗಿಗೆ ಸೆರಗು ಕಟ್ಟಿ, ಒಡಕು ಕುಡಿಕೆಯಲ್ಲಿ ಮೀನು ಬೇಯಿಸಿದೆ.

ಕುಳ್ಳಿ ಬಗ್ಗಿ ನೋಡಿ ಬಿದ್ದು ಬಿದ್ದು ನಕ್ಕಳು. “ಅಮ್ಮಾ, ಬೆಕ್ಕಿನ ಮೀನ್ಗೆ ಒಗ್ಗರಣೆ ಹಾಕಿದ್ದೀರಲ್ಲಮ್ಮಾ!”

ಹೌದು, ಹಾಕಿದ್ದೆ. ಕರಿಬೇವಿನದು. ಕೈ ತನ್ನಷ್ಟಕ್ಕೆ ಹಾಕಿಬಿಟ್ಟಿತ್ತು. ಗುಂಡನಿಗೆ ಆ ರುಚಿಯೇ ಹತ್ತಿ, ಶ್ರಾವಣ ಮುಗಿದ ಮೇಲೂ ನನ್ನ ಒಲೆ ಆರಲಿಲ್ಲ.

ದಸರಾ ಹೊತ್ತಿಗೆ ಗುಂಡ ಮೈ ತುಂಬಿಕೊಂಡಿತು, ಹಿಮ್ಮಡಿ ಎತ್ತಿ ನಡೆಯತೊಡಗಿತು. ಒಂದು ಇಲಿಯನ್ನೂ ಹಿಡಿಯಿತು. ಒಂದು ಬೆಳಿಗ್ಗೆ ಬೇಸಿನ್ನಿನಲ್ಲಿದ್ದದ್ದನ್ನು ಎಂಟು ಹನಿ ಕಾಯಿಸಿದೆ, ನೀಲಿ ನೀಲಿಯಾಗಿಯೇ ಉಳಿಯಿತು. ಮರುದಿನವೂ ನೀಲಿ. ದನದ ಡಾಕ್ಟರನ್ನು ಕೇಳಿದರೆ, “ಬೆಕ್ಕುಗಳಲ್ಲಿ ಒಂದೊಂದು ಸಲ ಹೀಗೆ ಪೂರ್ತಿ ವಾಸಿಯಾಗೋದು ಉಂಟು, ಇನ್ನು ಚುಚ್ಚಬೇಡಿ, ಚುಚ್ಚಿದರೆ ಅಪಾಯ” ಅಂದರು.

ಕುಣಿದುಕೊಂಡು ಹೊರಟವಳು ಅರ್ಧ ದಾರಿಯಲ್ಲಿ ನಿಂತುಬಿಟ್ಟೆ. ಗುಂಡನಿಗೆ ವಾಸಿಯಾಯಿತು. ಸರಿ. ಇನ್ನು ಯಜಮಾನರನ್ನು ಯಾವ ಹೆದರಿಕೆ ಹಾಕಿ ಕೂರಿಸುವುದು? ಅವರ ಗಾಯ ಅರ್ಧ ಮಾತ್ರ ಮಾಯ್ದಿತ್ತು. ಅವರ ಕಾಯಿಲೆ ಬೆಕ್ಕಿನದರಂತೆ ಬಿಟ್ಟು ಹೋಗುವುದಲ್ಲ, ಸಾಯುವವರೆಗೆ ಚುಚ್ಚಬೇಕು ಅಂತ ಡಾಕ್ಟರು ಹೇಳಿದ್ದರು. ಅಪ್ಪನ ಇಲ್ಲದ ಕಾಲಿನ ಜಾಗದಲ್ಲಿ ಮಡಿಸಿಟ್ಟ ಪಂಚೆ ಕಣ್ಣ ಮುಂದೆ ಬಂತು. ಮನೆಗೆ ಹೋಗಿ ಬಾಯಿಗೆ ಬೀಗ ಹಾಕಿಕೊಂಡೆ.

ಮಾರನೇ ದಿನದಿಂದ ಗುಂಡನ ಸಿರಿಂಜಿನಲ್ಲಿ ಬಿಸಿ ಮಾಡಿ ಆರಿಸಿದ ನೀರು. ಚರ್ಮ ಎತ್ತುವೆ, ಸೂಜಿಯನ್ನು ಕೂದಲೊಳಗೆ ಅಡ್ಡ ಮಲಗಿಸುವೆ, ಒತ್ತುವೆ. ಚುಚ್ಚಿದ ಹಾಗೆಯೇ ಕಾಣುತ್ತಿತ್ತು. ಗಂಡನಿಗೆ ಮೋಸ ಮಾಡುತ್ತಿದ್ದೇನಲ್ಲ ಅಂತ ಒಂದು ಚೂರೂ ಬೇಜಾರಾಗಲಿಲ್ಲ. ಅವರು ಎಂದಿನಂತೆ ಮೊದಲು ಪಂಚೆ ಎತ್ತುವರು, ಅಯ್ಯಯ್ಯೋ ಅನ್ನುವರು, ಆಮೇಲೆ ಗುಂಡನನ್ನು ಹಿಡಿದುಕೊಳ್ಳುವರು. ಕಾರ್ತಿಕ ಅರ್ಧ ಕಳೆಯುವ ಹೊತ್ತಿಗೆ ಹೆಬ್ಬೆರಳಿನ ಗಾಯ ಪೂರ್ತಿ ಒಣಗಿ ಹೊಸ ಚರ್ಮ ಬಂತು. ಡಾಕ್ಟರು ಬೆರಳನ್ನು ಒತ್ತಿ ಒತ್ತಿ ನೋಡಿ, “ಬೆರಳು ಉಳೀತಮ್ಮಾ” ಅಂದರು. ಆ ದಿನ ಬಸ್ಸಿನಲ್ಲಿ ನಾನು ಒಂದು ಮಾತೂ ಬೈಯಲಿಲ್ಲ.

ಮಾರನೇ ದಿನ ಬೆಳಿಗ್ಗೆ ಚಳಿ ಕೊರೆಯುತ್ತಿತ್ತು. ಯಜಮಾನರಿಗೆ ಚುಚ್ಚಲು ಕೂತೆ. ಗುಂಡನ ಡಬ್ಬಿಯನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಅವರು ಆ ಡಬ್ಬಿಯನ್ನು ಮೆಲ್ಲಗೆ ಆಚೆಗೆ ಸರಿಸಿದರು.

“ಇವತ್ತಿಂದ ಗುಂಡನ್ನ ಬುಟ್ಬುಡೆ ನೀಲಿ. ಈ ಚಳೀಲಿ ದಿನಾ ಅದ್ಕ್ಯಾಕೆ ಸ್ನಾನ ಮಾಡುಸ್ತೀಯ?”

“ಏನ್ ಸ್ನಾನ?”

“ಎರಡು ತಿಂಗ್ಳು ಕರಿಬೇವಿನ ಗಿಡಕ್ಕೆ ಇಂಜೆಕ್ಸನ್ ಕೊಟ್ಟೋನು ಕಣೆ ನಾನು. ಈ ಕೆಲ್ಸದಲ್ಲಿ ನಿನ್ಗಿಂತ ಅನುಬವ ಐತೆ. ಅದ್ರ ಬೆನ್ನು ಒದ್ದೆ ಆಗದು ಹಿಡ್ಕಂಡಿರೋ ನನ್ ಕೈಗೆ ತಿಳಿಯಾಕಿಲ್ವಾ?”

“ಯಾವತ್ತು ಗೊತ್ತಾಯ್ತು?”

“ಮೊದಲ್ನೇ ದಿನ್ವೇ.”

ಲೆಕ್ಕ ಹಾಕಿದೆ. ನಲವತ್ತು ದಿನ. ಗುಂಡ ವಾಸಿಯಾಗಿದೆ ಅಂತ ಗೊತ್ತಿದ್ದೂ ಈ ಮನುಷ್ಯ ನಲವತ್ತು ಬೆಳಿಗ್ಗೆ ತಾವಾಗಿ ಪಂಚೆ ಎತ್ತಿ ಕೂತಿದ್ದರು.

“ಮತ್ಯಾಕ್ರೀ ಸುಮ್ನಿದ್ರಿ?”

ಅವರು ಹೆಬ್ಬೆರಳು ಸವರಿಕೊಂಡರು. “ಗುಂಡಂಗೆ ಚುಚ್ಚೋವಾಗ ನಿನ್ ಕೈ ನಡುಗಾಕಿಲ್ಲ. ನಂಗ್ ಚುಚ್ಚೋವಾಗ ನಡುಗ್ತದೆ ಕಣೆ. ನಿಮ್ಮಪ್ಪಾರ್ ಕಾಲು ನೆನಿಸ್ಕತೀಯ ಅಂತ ಗೊತ್ತು ನಂಗೆ. ನಾನು ಸೂಜಿಗೆ ಹೆದರ್ತೀನಿ ದಿಟ. ನೀನು ಅದ್ಕಿಂತ ಹೆಚ್ಚಾಗಿ ಹೆದ್ರಿದ್ದೆ. ಅದ್ಕೇ ಸುಮ್ನಾದೆ.”

ಇಷ್ಟು ಜೋರು ಬಾಯಿಯವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅವರು ಗಾಬರಿಯಾಗಿ, “ಅಳ್ಬ್ಯಾಡ ಕಣೆ, ಅಳ್ತಾ ಚುಚ್ಚಿದ್ರೆ ಎಲ್ಲೆಲ್ಲೋ ಚುಚ್ಬುಡ್ತೀಯ” ಅಂದರು. ಆಮೇಲೆ ಗೋಡೆಯ ಕಡೆ ತಿರುಗಿ ಕೂತರು. ಇಪ್ಪತ್ತು ಗೆರೆ. ನನ್ನ ಕೈ ಅವತ್ತೂ ನಡುಗಿತು, ಅವರು ಅವತ್ತೂ ಅಯ್ಯಯ್ಯೋ ಅಂದರು.

ಗುಂಡ ಬಂದು ತನ್ನ ಡಬ್ಬಿ ಮೂಸಿ ನೋಡಿ, ಯಾರೂ ಹಿಡಿದುಕೊಳ್ಳದ್ದನ್ನು ಕಂಡು, ತಾನೇ ಯಜಮಾನರ ಮಡಿಲು ಹತ್ತಿ ಬೆನ್ನು ಕೊಟ್ಟು ಕೂತಿತು. ಚುಚ್ಚದಿದ್ದರೆ ಮೀನು ಸಿಗುವುದಿಲ್ಲ ಅಂತ ಅದಕ್ಕೆ ಹೆದರಿಕೆ. ನಾನು ಕಣ್ಣೊರೆಸಿಕೊಂಡು ಕೊಟ್ಟಿಗೆಯ ಹಿಂದಕ್ಕೆ ಒಲೆ ಹಚ್ಚಲು ಹೋದೆ.